ಗೋಡೆಗೆ ಬಿಸಿಲು ತುಂಬಿದವರು

ಇಂಗ್ಲೆಂಡಿನ ಜಮೀನ್ದಾರಿ ಮನೆಗಳ ಗೋಡೆತೋಟ, ಗಾಜಿನ ಮನೆಗಳ ಕಲ್ಪನೆ ಊಟಿ ಮತ್ತು ಲಾಲ್‌ಬಾಗಿನ ಮಣ್ಣಿಗೆ ಇಳಿದು ಒಂದೂವರೆ ಶತಮಾನ ದಾಟಿದೆ. ಆ ಚೆಲುವು ಉಳಿಯಬೇಕಾದರೆ ಮೊದಲು ಕಾಯಬೇಕಾದದ್ದು ಕಟ್ಟಡವನ್ನೋ, ಕೈಕಸುಬನ್ನೋ?

ಪೋತ್ತನೂರು ಇಂದು ಕೊಯಮತ್ತೂರು ನಗರದ ದಕ್ಷಿಣ ಅಂಚಿನಲ್ಲಿರುವ ರೈಲು ಜಂಕ್ಷನ್. 1862ರಲ್ಲಿ ಮದ್ರಾಸಿನಿಂದ ಮಲಬಾರಿನ ಬೇಪೂರಿಗೆ ಹೋಗುವ ಮುಖ್ಯ ಮಾರ್ಗ ಪೂರ್ತಿಯಾದಾಗ ಹಳಿ ಹಾದುಹೋದದ್ದು ಪೋತ್ತನೂರಿನ ಮೇಲೆ. ಕೊಯಮತ್ತೂರು ಪೇಟೆ ಬದಿಗೆ ಉಳಿದಿತ್ತು. 1873ರಲ್ಲಿ ಇಲ್ಲಿಂದ ಮೆಟ್ಟುಪಾಳಯಕ್ಕೆ ಕವಲು ಮಾರ್ಗ ಬಂತು. ಅಲ್ಲಿಂದಾಚೆಗೆ ರೈಲಿನಲ್ಲಿ ಬಂದು ನೀಲಗಿರಿ ಹತ್ತುವವರಿಗೆ ಪೋತ್ತನೂರೇ ಹೆಬ್ಬಾಗಿಲು. ಬೆಟ್ಟದ ರೈಲು 1899ರಲ್ಲಿ ಕೂನೂರನ್ನೂ 1908ರಲ್ಲಿ ಊಟಿಯನ್ನೂ ಮುಟ್ಟಿದ ಮೇಲೂ ಆ ಹೆಬ್ಬಾಗಿಲು ಮುಚ್ಚಲಿಲ್ಲ. ಈ ದಾರಿಯಲ್ಲಿ ಮೇಲೇರಿದ ಸರಕು ಸರಂಜಾಮಿಗೆ ಲೆಕ್ಕವಿಲ್ಲ. ಆದರೆ ಹಳಿ ಬರುವುದಕ್ಕೆ ಕಾಲು ಶತಮಾನ ಮೊದಲೇ ತೂಕವಿಲ್ಲದ ಒಂದು ವಸ್ತು ಬೆಟ್ಟ ಹತ್ತಿ ಆಗಿತ್ತು. ತೋಟವೆಂದರೆ ಹೇಗಿರಬೇಕು ಎಂಬ ಕಲ್ಪನೆ ಅದು. ಇಂಗ್ಲೆಂಡಿನಲ್ಲಿ ಕಂಟ್ರಿ ಹೌಸ್ ಎಂದು ಕರೆಯುವ ಜಮೀನ್ದಾರರ ದೊಡ್ಡಮನೆಗಳಲ್ಲಿ ಹಲವು ತಲೆಮಾರು ಪಳಗಿದ ಕಲ್ಪನೆ: ಮನೆಯ ಮುಂದೆ ಕಣ್ಣು ಹರಿಯುವಷ್ಟು ಹುಲ್ಲುಹಾಸು, ಅಲ್ಲಲ್ಲಿ ಒಂದು ಮಂಟಪ, ಪಾರಿವಾಳಗಳ ಗೋಪುರ; ಮನೆಯ ಮರೆಯಲ್ಲಿ ಎತ್ತರದ ಇಟ್ಟಿಗೆ ಗೋಡೆ, ಅದರೊಳಗೆ ಹಣ್ಣು ತರಕಾರಿ, ಗಾಜಿನ ಮನೆ.

ಈ ಬಗೆಯ ತೋಟವನ್ನು ಇಂದು ನಾವು ನೋಡುವ ಬಗೆ ಒಂದೇ. ಅದು ಅಲಂಕಾರ, ಸಿರಿವಂತಿಕೆಯ ಪ್ರದರ್ಶನ, ಫೋಟೊಗೆ ಒಳ್ಳೆಯ ಹಿನ್ನೆಲೆ. ಆ ಕಾರಣಕ್ಕೇ ಅದನ್ನು ಕಾಪಾಡುವ ಮಾತು ಬಂದಾಗಲೆಲ್ಲ ಬಣ್ಣ ಬಳಿಯುವ, ಗಾಜು ಬದಲಿಸುವ, ದೀಪ ಹಚ್ಚುವ ಮಾತೇ ಮುಂದಾಗುತ್ತದೆ. ಈ ಲೇಖನ ಹೇಳಹೊರಟಿರುವುದು ಬೇರೆ. ಗೋಡೆತೋಟದಲ್ಲಿ ಚೆಂದವಾಗಿ ಕಾಣುವ ಬಹುಪಾಲು ಸಂಗತಿಗಳು ಹುಟ್ಟಿದ್ದು ದುಡಿಮೆಯ ಸಲಕರಣೆಯಾಗಿ. ಗೋಡೆ ಒಂದು ಒಲೆ, ಗಾಜು ಒಂದು ಬಲೆ, ಗೋಪುರ ಒಂದು ಗೊಬ್ಬರದ ಗುಂಡಿ. ಸಲಕರಣೆಯನ್ನು ನಡೆಸುವ ಕೈ ಹೋದರೆ ಕಟ್ಟಡ ನಿಂತಿದ್ದರೂ ತೋಟ ಸಾಯುತ್ತದೆ. ಹಾಗಾಗಿ ಊಟಿಯಲ್ಲಿ, ಬೆಂಗಳೂರಿನಲ್ಲಿ ಪಾರಂಪರಿಕ ಆಸ್ತಿ ಎಂದು ನಾವು ಮೊದಲು ಕಾಪಾಡಬೇಕಾದದ್ದು ತೋಟದ ಕೆಲಸ ಬಲ್ಲವರ ಕಸುಬನ್ನು.

ಗೋಡೆ ಎಂಬ ಒಲೆ

ನಮ್ಮ ಸೀಮೆಯಲ್ಲಿ ತೋಟಕ್ಕೆ ಬೇಲಿ ಬರುವುದು ದನಕರುಗಳಿಗೆ, ಕಾಡುಹಂದಿಗೆ, ಕಳ್ಳರಿಗೆ ಹೆದರಿ. ಮಲೆನಾಡಿನ ತೋಟಗಳ ಸುತ್ತ ತೋಡುವ ಅಗಳೂ ಅದಕ್ಕೇ. ಇಂಗ್ಲೆಂಡಿನ ದೊಡ್ಡಮನೆಗಳಿಗೂ ಅಗಳಿನ ಉಪಾಯ ಗೊತ್ತಿತ್ತು. ಮನೆಯ ಕಿಟಕಿಯಿಂದ ನೋಡಿದರೆ ಹುಲ್ಲುಗಾವಲು ತಡೆಯಿಲ್ಲದೆ ಹಬ್ಬಿದಂತೆ ಕಾಣಬೇಕು, ಕುರಿ ದನ ಮಾತ್ರ ಅಂಗಳಕ್ಕೆ ಬರಬಾರದು. ಅದಕ್ಕಾಗಿ ನೆಲಮಟ್ಟದಿಂದ ಕೆಳಕ್ಕೆ ಕಟ್ಟಿದ ತಗ್ಗುಗೋಡೆಯನ್ನು ಅವರು 'ಹಾ-ಹಾ' ಎಂದು ಕರೆದರು. ಆದರೆ ಹಣ್ಣು ತರಕಾರಿಯ ತೋಟದ ಸುತ್ತ ಆಳೆತ್ತರಕ್ಕೂ ಮೀರಿ, ಹತ್ತು ಹನ್ನೆರಡು ಅಡಿ ಎದ್ದ ಇಟ್ಟಿಗೆ ಗೋಡೆಯ ಮುಖ್ಯ ಹಗೆ ಚಳಿ. ಇಟ್ಟಿಗೆ ಹಗಲೆಲ್ಲ ಬಿಸಿಲು ಹೀರುತ್ತದೆ, ರಾತ್ರಿ ಅದನ್ನು ಮೆಲ್ಲಗೆ ಹೊರಬಿಡುತ್ತದೆ. ಬೇಸಗೆಯ ಸಂಜೆ ಹಂಚಿನ ಮನೆಯ ಗೋಡೆಗೆ ಬೆನ್ನು ಕೊಟ್ಟವರಿಗೆಲ್ಲ ತಿಳಿದಿರುವ ಸಂಗತಿ ಇದು. ಆ ಬೆಚ್ಚಗಿನ ಗೋಡೆಗೆ ಪೀಚ್, ಏಪ್ರಿಕಾಟ್, ಅಂಜೂರದ ಗಿಡಗಳನ್ನು ಒತ್ತಿ ನೆಟ್ಟು, ಕೊಂಬೆಗಳನ್ನು ಬೀಸಣಿಗೆಯಂತೆ ಹರಡಿ ಮೊಳೆಗೆ ಕಟ್ಟುತ್ತಿದ್ದರು. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲು ಬೇಡುವ ಹಣ್ಣು. ಉತ್ತರಕ್ಕೆ ಮುಖ ಮಾಡಿದ ತಣ್ಣನೆಯ ಗೋಡೆಗೆ ಮೊರೆಲೊ ಎಂಬ ಹುಳಿ ಚೆರ್ರಿ. ನಾಲ್ಕು ಗೋಡೆಗಳ ನಡುವೆ ನಾಲ್ಕು ಬೇರೆ ಬೇರೆ ಹವಾಮಾನ ಸಿಗುತ್ತಿತ್ತು. ಒಂದೇ ಜಾತಿಯ ಹಣ್ಣನ್ನು ಒಂದು ಗೋಡೆಯ ಮೇಲೆ ಬೇಗ, ಇನ್ನೊಂದರ ಮೇಲೆ ತಡವಾಗಿ ಮಾಗಿಸಿ ಊಟದ ಮೇಜಿಗೆ ವಾರಗಟ್ಟಲೆ ಒದಗಿಸಬಹುದಿತ್ತು.

ಬಿಸಿಲು ಸಾಲದ ಕಡೆ ಬೆಂಕಿ ಬಂತು. ಗೋಡೆಯ ಒಡಲನ್ನು ಟೊಳ್ಳಾಗಿ ಬಿಟ್ಟು, ಹಿಂಬದಿಯಲ್ಲಿ ಕುಲುಮೆ ಹೂಡಿ, ಬಿಸಿಗಾಳಿಯನ್ನೂ ಹೊಗೆಯನ್ನೂ ಗೋಡೆಯೊಳಗೇ ಸುತ್ತಿಸಿ ಬಿಡುತ್ತಿದ್ದರು. ಇದಕ್ಕೆ ಮನಸ್ಸಿನಲ್ಲಿ ನಿಲ್ಲುವ ನಿದರ್ಶನ ಇಂಗ್ಲೆಂಡಿನ ನೆರೆಯ ಸ್ಕಾಟ್ಲೆಂಡಿನಲ್ಲಿದೆ. ಡನ್‌ಮೋರ್‌ನ ಗೋಡೆತೋಟದಲ್ಲಿ 1761ರ ಇಸವಿ ಕೆತ್ತಿದ ಬಾಗಿಲ ಮೇಲೆ ಅನಾನಸ್ ಹಣ್ಣಿನ ಆಕಾರದ ಭಾರೀ ಕಲ್ಲಿನ ಗುಮ್ಮಟವೊಂದು ಎದ್ದು ನಿಂತಿದೆ. ಒಂದೊಂದು ಎಲೆಯನ್ನೂ ಬಿಡಿಬಿಡಿಯಾಗಿ ಕಡೆದಿದ್ದಾರೆ. ನೋಡಿದವರು ಶ್ರೀಮಂತನ ಹುಚ್ಚು ಎನ್ನುತ್ತಾರೆ. ಅದರ ಎರಡೂ ಬದಿಯಲ್ಲಿ ಗಿಡ ಬೆಳೆಸುವ ಬಿಸಿಮನೆಗಳಿದ್ದವು. ಅವನ್ನು ಕಾಯಿಸಲು ಕುಲುಮೆಯ ಬಿಸಿಗಾಳಿ ಗೋಡೆಯ ಟೊಳ್ಳಿನಲ್ಲಿ ಹರಿಯುತ್ತಿತ್ತು. ಕಟ್ಟಡದ ಮೇಲೆ ಚೆಂದಕ್ಕೆಂದು ಇಟ್ಟಂತೆ ಕಾಣುವ ಗ್ರೀಕ್ ಮಾದರಿಯ ನಾಲ್ಕು ಕಲಶಗಳು ನಿಜದಲ್ಲಿ ಹೊಗೆಗೂಡುಗಳು. ಅಲಂಕಾರ ಮತ್ತು ಕೆಲಸ ಎರಡೂ ಒಂದೇ ಕಲ್ಲಿನಲ್ಲಿ ಹೇಗೆ ಬೆಸೆದಿದ್ದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಅಷ್ಟು ಬೆಂಕಿ, ಅಷ್ಟು ಗೋಡೆ ಬೇಡಿದ ಹಣ್ಣುಗಳಲ್ಲಿ ಮೊದಲನೆಯದು ಅನಾನಸ್. ಪೋತ್ತನೂರಿನಿಂದ ಪಶ್ಚಿಮಕ್ಕೆ ಪಾಲಕ್ಕಾಡು ಕಣಿವೆ ದಾಟಿ ಕೇರಳಕ್ಕಿಳಿದರೆ ರಬ್ಬರ್ ಗಿಡಗಳ ಸಾಲಿನ ನಡುವೆ ತೆರೆದ ಆಕಾಶದ ಕೆಳಗೆ ಬೆಳೆಯುವ ಹಣ್ಣು ಅದು. ಇಂಗ್ಲೆಂಡಿನಲ್ಲಿ ಅದರ ಒಂದು ಹಣ್ಣು ಕೈಗೆ ಬರಲು ಎರಡು ಮೂರು ವರ್ಷ ಕಾಯಬೇಕಿತ್ತು. ಚರ್ಮ ಹದ ಮಾಡುವವರು ಬಳಸಿದ ಓಕ್ ತೊಗಟೆಯನ್ನು ಗುಂಡಿಗೆ ತುಂಬಿ, ಅದು ಕೊಳೆಯುವಾಗ ಹುಟ್ಟುವ ಕಾವಿನಲ್ಲಿ ಕುಂಡಗಳನ್ನು ಹೂತು ಬೆಳೆಸುತ್ತಿದ್ದರು. ಕೆಲವೆಡೆ ತೊಗಟೆಯ ಬದಲು ಕುದುರೆ ಲದ್ದಿ. ಕಾವು ಹೆಚ್ಚಾದರೆ ಬೇರು ಬೇಯುತ್ತದೆ, ಕಡಿಮೆಯಾದರೆ ಗಿಡ ಮುದುಡುತ್ತದೆ. ಚಳಿಗಾಲದ ನಡುರಾತ್ರಿ ಎದ್ದು ಬೆಂಕಿ ಕೆದಕುವುದು, ಗುಂಡಿಗೆ ಕೈ ತೂರಿಸಿ ಕಾವು ನೋಡುವುದು, ಬೆಳಗಾಗುವ ಮುಂಚೆ ಚಾಪೆ ಸರಿಸುವುದು: ಇವೆಲ್ಲ ಹದಿನಾಲ್ಕು ಹದಿನೈದರ ಹುಡುಗರು ಕಲಿಯಬೇಕಾದ ಮೊದಲ ಪಾಠಗಳು. ಅವರು ಮಲಗುತ್ತಿದ್ದ ಕೋಣೆಗಳೂ ಆ ಗೋಡೆಯ ತಣ್ಣನೆಯ ಬೆನ್ನಿಗೆ ಅಂಟಿಕೊಂಡೇ ಇರುತ್ತಿದ್ದವು. ಬೆಚ್ಚಗಿನ ಮುಖ ಹಣ್ಣಿಗೆ, ತಣ್ಣನೆಯ ಬೆನ್ನು ಆಳಿಗೆ.

ಗಾಜಿನ ಹಿಂದಿನ ಕಲ್ಲಿದ್ದಲು

ಗೋಡೆಯ ಮುಂದಿನ ಹೆಜ್ಜೆ ಗಾಜು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರವರೆಗೂ ಇತ್ತು. ಅಲ್ಲಿಯವರೆಗೆ ದೊಡ್ಡ ಗಾಜಿನ ಮನೆ ಭಾರೀ ಸಿರಿವಂತರಿಗೆ ಮಾತ್ರ ಎಟುಕುತ್ತಿತ್ತು. ಅಂಥ ಒಬ್ಬರು ಡರ್ಬಿಶೈರಿನ ಚಾಟ್ಸ್‌ವರ್ತ್ ದೊಡ್ಡಮನೆಯ ಒಡೆಯ, ಡೆವನ್‌ಶೈರಿನ ಆರನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್. 1826ರಲ್ಲಿ ಅವರು ತಮ್ಮ ತೋಟದ ಮುಖ್ಯಸ್ಥನನ್ನಾಗಿ ನೇಮಿಸಿಕೊಂಡದ್ದು 22 ವರ್ಷದ ಜೋಸೆಫ್ ಪ್ಯಾಕ್ಸ್‌ಟನ್‌ನನ್ನು. ರೈತಾಪಿ ಮನೆಯಿಂದ ಬಂದ ಈ ಯುವಕ 1836ರಿಂದ 1840ರ ನಡುವೆ ಅಲ್ಲಿ ಕಟ್ಟಿಸಿದ ಮಹಾ ಗಾಜಿನ ಮನೆ ಸುಮಾರು 277 ಅಡಿ ಉದ್ದ, 123 ಅಡಿ ಅಗಲ ಇತ್ತು. ಒಳಗೆ ತಾಳೆ, ಬಾಳೆ, ಜರೀಗಿಡಗಳ ಕಾಡು. ಕಣ್ಣಿಗೆ ಹೊಗೆ ಬೀಳುವಂತಿರಲಿಲ್ಲ. ಎಂಟು ಬಾಯ್ಲರ್‌ಗಳು ನೆಲದಡಿಯಲ್ಲಿದ್ದವು. ಅವಕ್ಕೆ ಕಲ್ಲಿದ್ದಲು ಹೋಗುತ್ತಿದ್ದದ್ದು ಸುರಂಗದೊಳಗಿನ ಹಳಿಯ ಮೇಲೆ. ಹೊಗೆ ಹೊರಬೀಳುತ್ತಿದ್ದದ್ದು ದೂರದ ಮರಗಳ ನಡುವೆ ಅಡಗಿಸಿಟ್ಟ ಚಿಮಣಿಯಿಂದ. ಬಿಸಿನೀರು ಹರಿಯುತ್ತಿದ್ದ ಕಬ್ಬಿಣದ ಕೊಳವೆಗಳ ಒಟ್ಟು ಉದ್ದ ಏಳು ಮೈಲಿ. ಅತಿಥಿಗಳು ಕಂಡದ್ದು ಗಾಜು ಮತ್ತು ಹಸುರು. ಆ ಹಸುರನ್ನು ಬದುಕಿಸಿದ್ದು ನೆಲದಡಿಯ ಸಲಿಕೆ.

ಆ ಗಾಜಿನೊಳಗೆ ತುಂಬಿದ ಗಿಡಗಳಲ್ಲಿ ನಮ್ಮ ನೆಲದವೂ ಇದ್ದವು. 1835ರಲ್ಲಿ ಹೊರಟ ಚಾಟ್ಸ್‌ವರ್ತ್ ತೋಟದ ಜಾನ್ ಗಿಬ್ಸನ್ ಎಂಬ ಯುವ ತೋಟಗಾರ ಕಲ್ಕತ್ತೆಗೆ ಬಂದು, ಖಾಸಿ ಬೆಟ್ಟಗಳನ್ನು ಹತ್ತಿ, ಸೀತಾಳೆಗಳ ದೊಡ್ಡ ಸಂಗ್ರಹವನ್ನೇ ಹಡಗಿಗೇರಿಸಿಕೊಂಡು ಹೋದ. ಅತ್ತ ಮಾರಿಷಸ್ಸಿನ ಕಡೆಯಿಂದ ಬಂದ ಒಂದು ಗಿಡ್ಡ ಬಾಳೆಯನ್ನು ಪ್ಯಾಕ್ಸ್‌ಟನ್ ಗಾಜಿನೊಳಗೆ ಗೊನೆ ಬಿಡಿಸಿದ. ಅದಕ್ಕೆ ಒಡೆಯನ ಮನೆತನದ ಹೆಸರು ಬಂತು: ಕ್ಯಾವೆಂಡಿಶ್. ಇಂದು ಜಗತ್ತಿನ ಬಾಳೆ ವ್ಯಾಪಾರವನ್ನು ಆಳುವ ಗುಂಪು ಅದೇ. ಕೊಯಮತ್ತೂರಿನ ಹಣ್ಣಿನಂಗಡಿಯಲ್ಲಿ, ಮೈಸೂರಿನ ತಳ್ಳುಗಾಡಿಯಲ್ಲಿ ಸಿಗುವ ಪಚ್ಚಬಾಳೆ, ಜಿ-9 ಎರಡೂ ಆ ಗುಂಪಿಗೇ ಸೇರುತ್ತವೆ. ಇವು ನಮ್ಮಲ್ಲಿಗೆ ಬಂದ ದಾರಿಗಳು ಬೇರೆಯಾಗಿರಬಹುದು. ಹೆಸರು ಮಾತ್ರ ಚಳಿದೇಶದ ಒಂದು ಗಾಜಿನ ಮನೆಯಿಂದ ಬಂದದ್ದು. ಗೋಡೆತೋಟವೆಂದರೆ ನೋಡಿ ಮೆಚ್ಚುವ ಕೋಣೆ ಮಾತ್ರವಲ್ಲ, ಗಿಡಗಳನ್ನು ಒಗ್ಗಿಸುವ, ಹೆಚ್ಚಿಸುವ, ಹೆಸರಿಡುವ, ಹಂಚುವ ಕಾರ್ಯಾಗಾರವೂ ಆಗಿತ್ತೆಂಬುದಕ್ಕೆ ಈ ಬಾಳೆಯೇ ಪುರಾವೆ.

ಪ್ಯಾಕ್ಸ್‌ಟನ್ ಕಟ್ಟಡ ಶಾಸ್ತ್ರವನ್ನು ಶಾಲೆಯಲ್ಲಿ ಓದಿದವನಲ್ಲ. ಗಿಡಕ್ಕೆ ಎಷ್ಟು ಬೆಳಕು ಬೇಕು, ಮಂಜಿನ ಹನಿ ಎಲ್ಲಿ ಜಾರಬೇಕು, ಮಳೆನೀರು ಯಾವ ದಾರಿಯಲ್ಲಿ ಹೋಗಬೇಕು ಎಂದು ದಿನವೂ ನೋಡಿ ಕಲಿತದ್ದೇ ಅವನ ವಿದ್ಯೆ. ಉತ್ತ ಹೊಲದ ದಿಂಡು-ಸಾಲಿನಂತೆ ಏರಿಳಿಯುವ ಗಾಜಿನ ಚಾವಣಿಯನ್ನು ಅವನು ಹದಗೊಳಿಸಿದ್ದು ತೋಟದ ಕೆಲಸದ ನಡುವೆಯೇ. ಆ ವಿದ್ಯೆಯ ಬಲದ ಮೇಲೆ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾ ವಸ್ತುಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು. ಹತ್ತೊಂಬತ್ತನೆಯ ಶತಮಾನದ ಅತಿ ಹೊಸತೆನಿಸಿದ ಕಟ್ಟಡ ಬಂದದ್ದು ಒಬ್ಬ ತೋಟಗಾರನ ಕೈಯಿಂದ. ಆ ಕಟ್ಟಡದ ಮಾದರಿಯೇ ನಾಲ್ಕು ದಶಕದೊಳಗೆ ಬೆಂಗಳೂರಿಗೆ ಬಂದಿಳಿಯಿತು.

ಲಾಲ್‌ಬಾಗಿನಲ್ಲಿ ತಿರುವು

ಲಾಲ್‌ಬಾಗ್ ಇಂಗ್ಲಿಷರ ಕೂಸಲ್ಲ. 1760ರಲ್ಲಿ ಹೈದರ್ ಅಲಿ ಅದನ್ನು ಶುರುಮಾಡಿದ, ಟಿಪ್ಪು ಸುಲ್ತಾನ್ ದೇಶವಿದೇಶದ ಗಿಡ ತರಿಸಿ ಬೆಳೆಸಿದ. ಅಲ್ಲಿ ಗುದ್ದಲಿ ಹಿಡಿದವರೆಂದು ಹೇಳುತ್ತ ಬಂದಿರುವುದು ತಿಗಳ ಸಮುದಾಯದ ಹೆಸರನ್ನು. ತಮಿಳಿನ ನಂಟಿರುವ ಮಾತನ್ನಾಡುತ್ತ ಬೆಂಗಳೂರಿನ ಹೂವು, ಸೊಪ್ಪು, ತರಕಾರಿಯ ತೋಟಗಳನ್ನು ತಲೆಮಾರುಗಳಿಂದ ನಡೆಸಿದವರು ಅವರು. ಕೊಯಮತ್ತೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರಿದ್ದಂತೆ, ಕನ್ನಡದ ರಾಜಧಾನಿಯ ತೋಟದಲ್ಲಿ ತಮಿಳಿನ ನಂಟಿನ ಕೈಗಳು. ಕಸುಬು ಗಡಿಯನ್ನು ಕೇಳಿ ನಡೆಯುವುದಿಲ್ಲ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ, ಅವರ ನಂತರ 1874ರಿಂದ ಜಾನ್ ಕ್ಯಾಮರಾನ್ ಅದರ ಹೊಣೆ ಹೊತ್ತರು. ಕ್ಯಾಮರಾನರ ಕಾಲದಲ್ಲೇ, 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲಿಟ್ಟದ್ದು. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ.

ಇಲ್ಲಿ ತುಸು ನಿಂತು ಯೋಚಿಸಬೇಕು. ಇಂಗ್ಲೆಂಡಿನಲ್ಲಿ ಗಾಜಿನ ಮನೆಯ ಅರ್ಥವೇ ಬಿಸಿಲನ್ನು ಹಿಡಿದಿಡುವುದು. ಬೆಂಗಳೂರಿನಲ್ಲಿ ಬಿಸಿಲಿಗೆ ಬರವಿಲ್ಲ. ಚಳಿಗೆ ಬಾಯ್ಲರ್ ಬೇಡ, ಸುರಂಗ ಬೇಡ, ಏಳು ಮೈಲಿ ಕೊಳವೆ ಬೇಡ. ಹಾಗಿದ್ದ ಮೇಲೆ ಆ ರೂಪ ಇಲ್ಲಿ ಬರೀ ಅನುಕರಣೆಯಾಯಿತೇ? ಆಗಲಿಲ್ಲ. ಲಾಲ್‌ಬಾಗಿನ ಗಾಜಿನ ಮನೆ ಗಾಳಿಯಾಡುವ ಒಂದು ದೊಡ್ಡ ಚಪ್ಪರವಾಯಿತು. ಅದರೊಳಗೆ ಗಿಡಗಳಿಗಿಂತ ಹೆಚ್ಚಾಗಿ ಜನ ಸೇರತೊಡಗಿದರು. ದೊರೆಯೊಬ್ಬನ ಊಟದ ಮೇಜಿಗೆ ಹಣ್ಣು ಮಾಗಿಸುವ ಖಾಸಗಿ ಕೋಣೆ, ಊರಿನವರೆಲ್ಲ ಬಂದು ಬೆಳೆ ನೋಡಿ, ಬೀಜ ವಿಚಾರಿಸಿ, ಗಿಡ ಕೊಂಡು ಹೋಗುವ ಸಂತೆಮಾಳವಾಯಿತು. ಇಂದಿಗೂ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ಅಲ್ಲೇ ನಡೆಯುತ್ತವೆ. ರೂಪ ಅದೇ, ಕೆಲಸ ಬೇರೆ. 1935ರಲ್ಲಿ ಅದಕ್ಕೆ ಪೂರ್ವದ ತೋಳನ್ನು ಸೇರಿಸಿದಾಗ ಉದ್ಯಾನದ ಹೊಣೆ ಎಚ್.ಸಿ. ಜವರಾಯರಲ್ಲಿತ್ತು, ಆ ಹುದ್ದೆಗೇರಿದ ಮೊದಲ ಭಾರತೀಯರು ಅವರು.

ಲಾಲ್‌ಬಾಗಿನ ಪಾರಿವಾಳದ ಗೂಡನ್ನೇ ನೋಡಿ. ದೊಡ್ಡಮನೆಗಳ ಅಂಗಳದಲ್ಲಿ ಅಂಥ ಗೋಪುರಗಳಿದ್ದದ್ದು ಮಾಂಸಕ್ಕೆ ಮತ್ತು ಗೊಬ್ಬರಕ್ಕೆ. ಪಾರಿವಾಳದ ಹಿಕ್ಕೆ ತೋಟಕ್ಕೆ ತೀಕ್ಷ್ಣವಾದ ಗೊಬ್ಬರ. ಬೆಂಗಳೂರಿನಲ್ಲಿ ಆ ಗರಜು ಬೀಳಲಿಲ್ಲ. ಕೆಲಸ ಕಳಚಿಕೊಂಡ ರೂಪ ಇಲ್ಲಿ ನೋಟಕ್ಕಷ್ಟೇ ಉಳಿಯಿತು. ಇದರ ಪಕ್ಕದಲ್ಲೇ ಇನ್ನೊಂದು ಸಂಗತಿಯನ್ನಿಡೋಣ. ಕ್ಯಾಮರಾನ್ ಲಾಲ್‌ಬಾಗಿನ ಮೂಲಕ ಬೆಳೆಸಿ ಹಂಚಿದ ತರಕಾರಿಗಳಲ್ಲಿ ಸೀಮೆಬದನೆಯೂ ಒಂದೆಂದು ಪ್ರಸಿದ್ಧಿ. ಬೆಂಗಳೂರಿನವರು ಅದನ್ನು ಸೀಮೆಬದನೆ ಎನ್ನುತ್ತಾರೆ, ಅಂದರೆ ಹೊರದೇಶದ್ದು. ಕೊಯಮತ್ತೂರಿನ ಸಂತೆಯಲ್ಲಿ ಅದೇ ಕಾಯಿಗೆ 'ಬೆಂಗಳೂರ್ ಕತ್ತರಿಕ್ಕಾಯ್' ಎಂಬ ಹೆಸರಿದೆ. ಬೆಂಗಳೂರಿಗೆ ಪರದೇಶಿಯಾದದ್ದು ಪೋತ್ತನೂರಿಗೆ ಬೆಂಗಳೂರಿನದು. ಗೋಪುರ ನಿಂತಲ್ಲೇ ನಿಂತಿದೆ, ಬಳ್ಳಿ ಮಾತ್ರ ಜಿಲ್ಲೆ ಜಿಲ್ಲೆ ದಾಟಿ ಸಾಂಬಾರಿನೊಳಗೆ ಇಳಿದಿದೆ. ಸಸ್ಯೋದ್ಯಾನದ ನಿಜವಾದ ಸ್ಮಾರಕ ಯಾವುದೆಂದು ಕೇಳಿದರೆ, ಬಳ್ಳಿಯ ಕಡೆಗೇ ಬೆರಳು ತೋರಿಸಬೇಕಾಗುತ್ತದೆ.

ದೊಡ್ಡಬೆಟ್ಟದ ಬುಡದಲ್ಲಿ

ಊಟಿಯ ಸರ್ಕಾರಿ ಸಸ್ಯೋದ್ಯಾನ ಹರಡಿರುವುದು ದೊಡ್ಡಬೆಟ್ಟದ ಕೆಳ ಇಳಿಜಾರಿನಲ್ಲಿ. ಆ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಟ್ಟದ ಬಡಗರ ನುಡಿ ಕನ್ನಡದ ಒಡಹುಟ್ಟು, ಕೊಯಮತ್ತೂರು ಸೀಮೆ 1799ರವರೆಗೂ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿ, ಮೊದಲು ಕೋತಗಿರಿಯ ಬಳಿ, ಆಮೇಲೆ ಊಟಿಯಲ್ಲಿ ಮನೆ ಕಟ್ಟಿ ಇಂಗ್ಲೆಂಡಿನ ಹಣ್ಣು ತರಕಾರಿಗಳನ್ನು ನೆಡಿಸಿದ. ಉದ್ಯಾನದ ಹುಟ್ಟೂ ತರಕಾರಿಯಿಂದಲೇ. 1840ರ ದಶಕದಲ್ಲಿ ಊಟಿಯ ಬಿಳಿಯರು ಚಂದಾ ಎತ್ತಿ, ತಮಗೆ ಸರಿಯಾದ ಬೆಲೆಗೆ ತರಕಾರಿ ಸಿಗಲೆಂದು ಒಂದು ತೋಟ ಮಾಡಿಕೊಂಡರು. ಅದು ಕೈಹಿಡಿಯಲಿಲ್ಲ. 1848ರಲ್ಲಿ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ಗ್ರಹಾಂ ಮ್ಯಾಕೈವರ್ ಆ ಜೌಗು ಇಳಿಜಾರನ್ನು ಹತ್ತು ವರ್ಷ ತಿದ್ದಿ ತೀಡಿ, ಮಜಲು ಮಜಲಾಗಿ ಕಡಿಸಿ, ಉದ್ಯಾನ ಮಾಡಿದರು. ದೊಡ್ಡಮನೆಯ ಹಿತ್ತಲಿನ ಅಡುಗೆತೋಟ ಮೊದಲು ಬಂತು, ಮುಂದಿನ ಹುಲ್ಲುಹಾಸು ಆಮೇಲೆ. ಇದೇ ಮ್ಯಾಕೈವರ್ 1860ರ ನಂತರ ದೊಡ್ಡಬೆಟ್ಟದಲ್ಲಿ ಮಲೇರಿಯಾ ಜ್ವರದ ಮದ್ದು ಕೊಡುವ ಸಿಂಕೋನಾ ಗಿಡಗಳನ್ನು ಬೆಳೆಸಿ, ತೊಗಟೆ ಸುಲಿದ ಭಾಗಕ್ಕೆ ಪಾಚಿ ಕಟ್ಟಿ ಮತ್ತೆ ತೊಗಟೆ ಬರಿಸುವ ವಿಧಾನ ಕಂಡುಹಿಡಿದರು. ಗಿಡ ಸಾಯಿಸದೆ ಮದ್ದು ತೆಗೆಯುವ ಈ ಉಪಾಯ ತೋಟಗಾರನ ಕೈಗೆ ಮಾತ್ರ ಹೊಳೆಯುವಂಥದ್ದು.

ಇಂದಿನ ಊಟಿ ಉದ್ಯಾನದ ಗಾಜಿನ ಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರು ನೂರಾರು. ಅದರ ಕಸುಬಿನ ಜೀವಂತ ಮುಖ ಕಾಣುವುದು ಮಾತ್ರ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ. ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬೀಳುವ ದಿನಗಳವು. ಎಳೆಯ ಗಿಡ ಒಂದೇ ರಾತ್ರಿಗೆ ಕರಕಾಗುತ್ತದೆ. ಆಗ ಉದ್ಯಾನದ ಕೆಲಸದವರು ಕೋತಗಿರಿ ಮಲಾರ್ ಎಂದು ಕರೆಯುವ ಗಿಡದ ರೆಂಬೆಗಳನ್ನು ತಂದು ಎಳೆಯ ಗಿಡಗಳಿಗೆಲ್ಲ ಹೊದಿಸುತ್ತಾರೆ. ಇಂಗ್ಲೆಂಡಿನಲ್ಲಿ ಹನ್ನೆರಡಡಿ ಗೋಡೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬೆಟ್ಟದ ಒಂದು ರೆಂಬೆ ಮಾಡುತ್ತದೆ. ಯಾವ ರೆಂಬೆ, ಎಷ್ಟು ದಟ್ಟ, ಯಾವ ಹೊತ್ತಿಗೆ ಹೊದಿಸಿ ಯಾವ ಹೊತ್ತಿಗೆ ತೆಗೆಯಬೇಕು ಎಂಬ ತಿಳಿವಳಿಕೆ ಯಾವ ನಕ್ಷೆಯಲ್ಲೂ ಇಲ್ಲ. ಅದು ಇರುವುದು ಕೆಲಸ ಮಾಡುವವರ ಅಂಗೈಯಲ್ಲಿ.

ಕೈ ಹೋದ ಮೇಲೆ

ಕೈ ಇಲ್ಲದ ತೋಟದ ಗತಿ ಏನು ಎಂಬುದಕ್ಕೆ ಇಂಗ್ಲೆಂಡೇ ಉತ್ತರ ಕೊಟ್ಟಿದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ದೊಡ್ಡಮನೆಗಳ ತೋಟಗಾರರು ಸೈನ್ಯ ಸೇರಿದರು, ಕಲ್ಲಿದ್ದಲು ಯುದ್ಧಕ್ಕೆ ಹೋಯಿತು. ಚಾಟ್ಸ್‌ವರ್ತ್‌ನ ಮಹಾ ಗಾಜಿನ ಮನೆಯ ಬಾಯ್ಲರ್‌ಗಳು ಆರಿದವು. ಎಂಟು ದಶಕ ಬದುಕಿದ ಗಿಡಗಳು ಚಳಿಗೆ ಸತ್ತವು. ಕಟ್ಟಡ ನಿಂತೇ ಇತ್ತು. ಆದರೂ 1920ರಲ್ಲಿ ಅದನ್ನು ಸಿಡಿಮದ್ದು ಇಟ್ಟು ಕೆಡವಬೇಕಾಯಿತು. ಕಾರ್ನ್‌ವಾಲ್‌ನ ಹೆಲಿಗನ್ ಎಂಬ ಎಸ್ಟೇಟಿನ ಕಥೆ ಇನ್ನೂ ಮನ ಕಲಕುವಂಥದ್ದು. ಯುದ್ಧಕ್ಕೆ ಮುಂಚೆ ಅಲ್ಲಿ 22 ಜನ ತೋಟಗಾರರಿದ್ದರು. ಯುದ್ಧ ಅವರಲ್ಲಿ ಹೆಚ್ಚಿನವರನ್ನು ಕರೆದೊಯ್ದಿತು, ಹಲವರು ಮರಳಲಿಲ್ಲ. ಗೋಡೆತೋಟ ಮುಳ್ಳುಬಳ್ಳಿಗಳಡಿ ಎಪ್ಪತ್ತು ವರ್ಷ ಹೂತುಹೋಯಿತು. 1990ರಲ್ಲಿ ಅದನ್ನು ಬಿಡಿಸಹೊರಟವರಿಗೆ ಕೆಲಸದವರ ಶೌಚದ ಕೋಣೆಯ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆದ ಹೆಸರುಗಳು ಸಿಕ್ಕವು. ಕೆಳಗೆ ಇದ್ದ ದಿನಾಂಕ 1914ರ ಆಗಸ್ಟ್. ಅರಮನೆಯಂಥ ಮನೆಗಳ ತೋಟದ ಇತಿಹಾಸದಲ್ಲಿ ಇಷ್ಟು ಸತ್ಯವಾದ ಶಾಸನ ಬೇರೊಂದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕಟ್ಟಡ ಒಮ್ಮೆ ಬಿದ್ದರೆ ಮತ್ತೆ ಬರುವುದಿಲ್ಲ, ತೋಟಗಾರರನ್ನು ಯಾವಾಗ ಬೇಕಾದರೂ ನೇಮಿಸಿ ಕಲಿಸಬಹುದು, ಹಾಗಾಗಿ ಇರುವ ಹಣ ಮೊದಲು ಕಬ್ಬಿಣ ಗಾಜಿಗೆ ಹೋಗಲಿ ಎಂದು ಪುರಾತತ್ತ್ವದ ಕಾಳಜಿಯುಳ್ಳವರು ಹೇಳುತ್ತಾರೆ. ಮಾತಿನಲ್ಲಿ ಹುರುಳಿದೆ, ಲಾಲ್‌ಬಾಗಿನ ಎರಕದ ಕಬ್ಬಿಣ ತುಕ್ಕು ಹಿಡಿದರೆ ಅದಕ್ಕೆ ಸಮನಾದದ್ದು ಸುಲಭವಾಗಿ ಸಿಗದು. ಆದರೆ ಹೆಲಿಗನ್ ತೋರಿಸಿದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಎಪ್ಪತ್ತು ವರ್ಷದ ಪಾಳಿನ ನಂತರವೂ ಗೋಡೆ ನಿಂತಿತ್ತು, ಗುಂಡಿ ಇತ್ತು. ಕುದುರೆ ಲದ್ದಿಯ ಕಾವಿನಲ್ಲಿ ಅನಾನಸ್ ಬೆಳೆಯುವ ಬಗೆ ಮಾತ್ರ ಅಳಿದಿತ್ತು. ಕಟ್ಟಡವನ್ನು ರಿಪೇರಿ ಮಾಡಿದ ಮೇಲೂ ಲದ್ದಿಯ ಹದ ಹಿಡಿಯಲು ವರ್ಷಗಳು ಬೇಕಾದವು. ಮೊದಲ ಹಣ್ಣು ಕೊಯ್ದದ್ದು 1997ರಲ್ಲಿ. ಇಟ್ಟಿಗೆಗಿಂತ ಬೇಗ ಸವೆಯುವುದು ಕಸುಬು. ಒಂದು ತಲೆಮಾರು ಕೈಬಿಟ್ಟರೆ ಸಾಕು, ಮುಂದಿನವರು ಮೊದಲಿಂದ ಕಲಿಯಬೇಕು. ಬೇಗ ಅಳಿಯುವುದನ್ನು ಮೊದಲು ಕಾಯುವುದು ವಿವೇಕ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಈ ತೋಟಗಳು ಆಳುವವರ ಠೀವಿಯ ಗುರುತು. ನಮ್ಮ ಬೆಟ್ಟದ ಸೀತಾಳೆ ಅವರ ಗಾಜಿನೊಳಗೆ ಹೋಯಿತು, ತೋಡರ, ಬಡಗರ ಹುಲ್ಲುಗಾವಲು ಅವರ ಹುಲ್ಲುಹಾಸಾಯಿತು. ಅದನ್ನೇಕೆ ನಾವು ನಮ್ಮ ತೆರಿಗೆ ಹಣದಲ್ಲಿ ಪೋಷಿಸಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ತಳ್ಳಿಹಾಕಲೂಬಾರದು. ಆದರೆ ತೋಟವನ್ನು ಕಟ್ಟಡವೆಂದು ನೋಡಿದಾಗ ಅದು ಅಡಿಗಲ್ಲಿಟ್ಟವರ ಆಸ್ತಿಯಾಗಿ ಕಾಣುತ್ತದೆ. ದುಡಿಮೆಯೆಂದು ನೋಡಿದಾಗ ದುಡಿದವರದ್ದಾಗುತ್ತದೆ. ಲಾಲ್‌ಬಾಗಿನ ಮೊದಲ ಪಾತಿ ಹಾಕಿದವರು, ಊಟಿಯ ಜೌಗಿನಲ್ಲಿ ಮಣ್ಣು ಹೊತ್ತವರು, ಇಂದಿಗೂ ರೆಂಬೆ ಹೊದಿಸುವವರು ಈ ನೆಲದವರೇ. ಜವರಾಯರ ನಂತರ ಬಂದ ಎಂ.ಎಚ್. ಮರೀಗೌಡರು ಅದೇ ಲಾಲ್‌ಬಾಗಿನ ಸಸಿಮಡಿಯ ವಿದ್ಯೆಯನ್ನು ಕರ್ನಾಟಕದ ರೈತರ ಹೊಲಕ್ಕೆ ಮುಟ್ಟಿಸಿದರು. ರಾಜ್ಯದ ತೋಟಗಾರಿಕೆಯ ಪಿತಾಮಹ ಎಂದು ಜನ ಅವರನ್ನು ಕರೆದದ್ದು ಕಟ್ಟಡ ಕಟ್ಟಿದ್ದಕ್ಕಲ್ಲ, ಕಸಿ ಗಿಡ ಹಂಚಿದ್ದಕ್ಕೆ. ಕಸುಬನ್ನು ಮುಂದಿಟ್ಟು ಕಾಪಾಡಿದರೆ ದೊರೆತನದ ನೆನಪು ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಮೂರನೆಯದು ಪರಿಸರ ಬಲ್ಲವರ ಆಕ್ಷೇಪ. ಚೆಂದದ ಹೂವೆಂದು ತೋಟಗಳಿಗೆ ತಂದ ಗಿಡಗಳೇ ಇಂದು ಕಾಡನ್ನು ನುಂಗುತ್ತಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಬಂದ ಲಂಟಾನ ಬಂಡೀಪುರ, ಮುದುಮಲೈ, ಬಿಳಿಗಿರಿಯ ಕಾಡಿನಡಿಯನ್ನೆಲ್ಲ ಆವರಿಸಿದೆ. ಊಟಿಯ ಹುಲ್ಲುಗುಡ್ಡಗಳಲ್ಲಿ ಹಳದಿ ಹೂವಿನ ಸ್ಕಾಚ್ ಬ್ರೂಮ್, ಗಾರ್ಸ್ ಬೇರುಬಿಟ್ಟಿವೆ. ಕೆರೆಯ ಚೆಲುವಿಗೆಂದು ತಂದ ವಾಟರ್ ಹಯಸಿಂತ್, ತಮಿಳಿನ ಆಗಾಯತ್ತಾಮರೈ, ಕೊಯಮತ್ತೂರಿನ ಕೆರೆಗಳ ಮೇಲೆ ಹಬ್ಬಿ ಉಸಿರು ಕಟ್ಟಿಸುತ್ತದೆ. ಇದನ್ನು ಒಪ್ಪಲೇಬೇಕು. ಒಪ್ಪಿದ ಮೇಲೆ ವಾದ ಇನ್ನೂ ಬಿಗಿಯಾಗುತ್ತದೆ. ಗೋಡೆತೋಟದ ಗೋಡೆಗೆ ಎರಡು ಮುಖ: ಒಂದು ಹೊರಗಿನದನ್ನು ತಡೆಯುವುದು, ಇನ್ನೊಂದು ಒಳಗಿನದನ್ನು ಹೊರಬಿಡದಿರುವುದು. ಚಳಿದೇಶದಲ್ಲಿ ಎರಡನೆಯ ಕೆಲಸವನ್ನು ಚಳಿಯೇ ಮಾಡುತ್ತಿತ್ತು. ಬಿಸಿಮನೆಯಿಂದ ಆಚೆ ಬಿದ್ದ ಗಿಡ ತಾನಾಗಿ ಸಾಯುತ್ತಿತ್ತು. ಇಲ್ಲಿ ಆ ಕಾವಲು ಇಲ್ಲ. ಕಾವಲಾಗಬೇಕಾದವನು ಬಲ್ಲ ತೋಟಗಾರ: ಯಾವ ಗಿಡ ಬೀಜ ಸಿಡಿಸುತ್ತದೆ, ಯಾವುದನ್ನು ಹೂವು ಬಾಡುವ ಮುಂಚೆ ಕತ್ತರಿಸಬೇಕು, ಯಾವುದನ್ನು ಹಂಚಲೇಬಾರದು ಎಂದು ತಿಳಿದವನು. ಕಸುಬಿಲ್ಲದ ಅಲಂಕಾರ ಎಷ್ಟು ದುಬಾರಿ ಎಂಬುದಕ್ಕೆ ಲಂಟಾನದ ಕಾಡೇ ಲೆಕ್ಕದ ಪುಸ್ತಕ.

ಬೇಲಿ ತುಂಬುವವರು

ಹಾಗಾದರೆ ಮಾಡಬೇಕಾದದ್ದೇನು? ಲಾಲ್‌ಬಾಗಿನಲ್ಲಾಗಲಿ ಊಟಿಯಲ್ಲಾಗಲಿ ಜೀರ್ಣೋದ್ಧಾರದ ಯೋಜನೆ ಬರೆಯುವಾಗ ಸಸಿಮಡಿ, ಗೊಬ್ಬರದ ಗುಂಡಿ, ಕಸಿ ಮಾಡುವ ಚಪ್ಪರಗಳು ಗಾಜಿನ ಮನೆಯಷ್ಟೇ ಪಾರಂಪರಿಕವೆಂದು ಎಣಿಸಬೇಕು. ಅಲ್ಲಿ ಕೆಲಸ ಮಾಡುವವರಿಗೆ ಕೂಲಿಯ ಜೊತೆ ಖಾಯಂ ನೆಲೆ ಬೇಕು; ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಯ ಕೈಗೆ ಹತ್ತು ವರ್ಷದ ಹದ ದಕ್ಕುವುದಿಲ್ಲ. ರೈತರ ಮಕ್ಕಳಿಗೆ 10 ತಿಂಗಳ ತೋಟಗಾರಿಕೆ ತರಬೇತಿ ಕೊಡುವ ಪದ್ಧತಿ ಕರ್ನಾಟಕದಲ್ಲಿದೆ. ಹಳೆಯ ಮಾಲಿಗಳ ಅನುಭವ ಆ ಪಾಠಕ್ಕೆ ಸೇರಬೇಕು. ಫಲಪುಷ್ಪ ಪ್ರದರ್ಶನಕ್ಕೆ ಬರುವ ಲಕ್ಷಾಂತರ ಜನ ಹೂವಿನ ಗೋಪುರದ ಜೊತೆಗೆ, ಆ ಹೂವು ಯಾವ ಮಡಿಯಲ್ಲಿ ಯಾರ ಕೈಯಲ್ಲಿ ಬೆಳೆಯಿತು ಎಂಬುದನ್ನೂ ನೋಡುವಂತಾಗಬೇಕು. ಹೆಲಿಗನ್ನಿನ ಹೆಸರುಗಳು ಶೌಚದ ಕೋಣೆಯ ಗೋಡೆಯಲ್ಲಿ ಸಿಕ್ಕವು. ನಮ್ಮ ತೋಟಗಾರರ ಹೆಸರು ಅವರು ಬದುಕಿರುವಾಗಲೇ, ಉದ್ಯಾನದ ಮುಂಬಾಗಿಲಲ್ಲೇ ಕಾಣಲಿ.

ಪೋತ್ತನೂರಿನಿಂದ ಪೂರ್ವಕ್ಕೆ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಸೀಮೆಯಲ್ಲಿ ಕೊರಂಗಾಡು ಎಂಬ ಹುಲ್ಲುಗಾವಲುಗಳಿವೆ. ಕಾಂಗೇಯಂ ತಳಿಯ ದನಗಳು ಮೇಯುವ ಆ ಒಣನೆಲದ ಸುತ್ತ ಇಟ್ಟಿಗೆ ಗೋಡೆಯಿಲ್ಲ. ಕಿಳುವೈ ಎಂಬ ಮುಳ್ಳುಗಿಡದ ಜೀವಂತ ಬೇಲಿ ಇದೆ. ಒಳಗೆ ಕೊಳುಕ್ಕಟ್ಟೈ ಹುಲ್ಲು, ನೆರಳಿಗೆ ಬಿಳಿಜಾಲಿ. ಒಂದು ಪಟ್ಟಿಯಲ್ಲಿ ಮೇಯಿಸಿ, ಅದು ಚಿಗುರುವವರೆಗೆ ದನಗಳನ್ನು ಇನ್ನೊಂದಕ್ಕೆ ಬಿಡುತ್ತಾರೆ. ಆ ಬೇಲಿ ದನವನ್ನು ಒಳಗಿಡುತ್ತದೆ, ಹುಲ್ಲನ್ನು ಕಾಯುತ್ತದೆ, ಬರಗಾಲದಲ್ಲಿ ತಾನೇ ಮೇವಾಗುತ್ತದೆ. ಅದಕ್ಕೆ ಅಡಿಗಲ್ಲಿಲ್ಲ, ಉದ್ಘಾಟನೆಯಿಲ್ಲ, ಇಸವಿಯಿಲ್ಲ. ಗಿಡ ಒಣಗಿ ಕಂಡಿ ಬಿದ್ದಲ್ಲಿ ರೈತ ಕಿಳುವೈ ಕಡ್ಡಿ ಕಡಿದು ನೆಡುತ್ತಾನೆ, ಕಂಡಿ ತುಂಬುತ್ತದೆ. ನೆಡುವುದು ನಿಂತರೆ ಬೇಲಿಯೂ ನಿಲ್ಲುವುದಿಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಲಾಲ್‌ಬಾಗಿನ ಗಾಜಿನ ಮನೆಗೂ ಊಟಿಯ ಮಜಲುಗಳಿಗೂ ಬೇಕಾದದ್ದು ಅದೇ ಕಡ್ಡಿ, ಅದನ್ನು ಹದ ನೋಡಿ ಊರುವ ಅದೇ ಕೈ.